ಕೆರೊಲಿನಾದಲ್ಲಿ ಬಾಕಿ ಉಳಿದ ಹಾರ

ಫೇರ್‌ಫ್ಯಾಕ್ಸ್

ಅಮೆರಿಕದಲ್ಲಿ ನನ್ನನ್ನು ಮೊಟ್ಟಮೊದಲು ಕಷ್ಟಕ್ಕೆ ಸಿಕ್ಕಿಸಿದ್ದು ಒಂದು ಗಂಧದ ಹಾರ. ಚೀಲದಲ್ಲಿದ್ದ ಕಟಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಎಲ್ಲವನ್ನೂ ಕಸ್ಟಮ್ಸಿನವನು ಸುಮ್ಮನೆ ಬಿಟ್ಟ. ಹಾರ ಕೈಗೆ ಬಂದದ್ದೇ ತಡ, ಎತ್ತಿ ಹಿಡಿದ, ಮೂಸಿದ, ಪಕ್ಕದವನಿಗೂ ಮೂಸಲು ಕೊಟ್ಟ. ಇದೇನು ಗಿಡವೋ ಮರವೋ ಎಂದು ಇಬ್ಬರೂ ನನ್ನನ್ನು ನೋಡಿದರು. ಕೊರಳಿಗೆ ಹಾಕುವುದು ಎಂದು ಕೈಸನ್ನೆ ಮಾಡಿದೆ. "ಫಾರ್ ಯು?" ಎಂದ. ನನಗೆ ಗಾಬರಿಯಾಯಿತು. "ನೋ ನೋ, ಫಾರ್ ಬಿಗ್ ಪೀಪಲ್!" ಎಂದೆ. ನನ್ನ ಐದಡಿ ಎತ್ತರವನ್ನು ಮೇಲಿಂದ ಕೆಳಗೆ ನೋಡಿ, ನಕ್ಕು, ಹಾರವನ್ನು ಮಡಚಿ ಕೊಟ್ಟ.

ನಾನು ಕಸ್ತೂರಿ. ನವಲಗುಂದದ ಕಡೆಯ ಎರೆಮಣ್ಣಿನ ಒಂದು ಹಳ್ಳಿಯವಳು. ಮಹಿಳಾ ಮೀಸಲಾತಿಯಲ್ಲಿ ಗೆದ್ದು ಎರಡೂವರೆ ವರ್ಷ ನಮ್ಮೂರ ಪಂಚಾಯಿತಿಯ ಅಧ್ಯಕ್ಷೆಯಾಗಿದ್ದೆ. ಆಗಿದ್ದೆ ಎನ್ನುವುದು ಕಾಗದದ ಮಾತು. ಕುರ್ಚಿಯಲ್ಲಿ ಕೂತವರು ನಮ್ಮ ಯಜಮಾನರು. ನಾನು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಅವರು ಬೊಟ್ಟು ತೋರಿಸಿದಲ್ಲಿ ಸಹಿ ಮಾಡುತ್ತಿದ್ದೆ. ಕೆಟ್ಟವರಲ್ಲ ಪಾಪ, ಊರಿನ ಕೆಲಸ ಚೆನ್ನಾಗಿಯೇ ಮಾಡಿದರು. ಆದರೆ ಮಾಡಿದವರು ಅವರು. ಪಂಚಾಯಿತಿ ಗೋಡೆಯ ಹಲಗೆಯಲ್ಲಿ ನನ್ನ ಹೆಸರಿನ ಕೆಳಗೆ 'ಕೋಂ' ಎಂದು ಬರೆದು ಅವರ ಹೆಸರನ್ನು ಇನ್ನೂ ದಪ್ಪಕ್ಕೆ ಬರೆಸಿದ್ದಾರೆ, ಜಾಗ ಉಳಿದಿತ್ತಂತೆ.

ವಿಮಾನ ನಿಲ್ದಾಣಕ್ಕೆ ಬಂದಿದ್ದವಳು ನನ್ನ ತಂಗಿ ಶೈಲಾಳ ಮಗಳು ನೇಹಾ. ಹುಟ್ಟಿದ್ದು ಇಲ್ಲೇ, ಓದು ಮುಗಿಸಿ ಫೇರ್‌ಫ್ಯಾಕ್ಸ್‌ನಲ್ಲಿ ಸರಕಾರದ ಗುತ್ತಿಗೆ ಹಿಡಿಯುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಶೈಲಾ ಕೆರೊಲಿನಾದ ಮಾರಿಸ್‌ವಿಲ್‌ನಲ್ಲಿ ಮಕ್ಕಳ ಡಾಕ್ಟರು. ಎರಡು ದಿನ ಮಗಳ ಮನೆಯಲ್ಲಿದ್ದು, ರಾಜಧಾನಿ ನೋಡಿ, ಆಮೇಲೆ ಇಬ್ಬರೂ ಕಾರಿನಲ್ಲಿ ಮಾರಿಸ್‌ವಿಲ್‌ಗೆ ಬರಬೇಕೆಂದು ತಂಗಿಯ ಅಪ್ಪಣೆ.

ರಾಜಧಾನಿಯ ಆ ದೊಡ್ಡ ಗುಮ್ಮಟದ ಕಟ್ಟಡದೊಳಗೆ ನೇಹಾ ಓಡಾಡಿಸಿದಳು. ಎಲ್ಲೆಡೆ ಮೂರ್ತಿಗಳು. ಕತ್ತಿ ಹಿಡಿದವರು, ಪುಸ್ತಕ ಹಿಡಿದವರು, ಏನೂ ಹಿಡಿಯದೆ ಎದೆ ಸೆಟೆಸಿ ನಿಂತವರು. ನನಗೊಂದು ಚಟ, ಎಲ್ಲಿ ಹೋದರೂ ಹೆಣ್ಣು ತಲೆ ಎಣಿಸುತ್ತೇನೆ. ಗಂಡಸರ ದೊಡ್ಡದೊಂದು ಸಾಲು ದಾಟಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು.

"ಇವ್ರೊಳಗ ಕರಿಯರು, ನಮ್ಮಂಥವರು, ಹಿಂಗ ಬ್ಯಾರೆ ಕಡಿಂದ ಬಂದ ಹೆಣ್ಮಕ್ಕಳು ಎಷ್ಟು ಮಂದಿ ಅದಾರವಾ?" ಎಂದೆ.

"ಸ್ವಲ್ಪ ಜನ ದೊಡ್ಡಮ್ಮ. ವೆರಿ ಫ್ಯೂ," ಎಂದಳು ನೇಹಾ. "ಬಟ್ ನಾನು ನಿಮ್ಗೆ ಒಬ್ರನ್ನ ಮೀಟ್ ಮಾಡಿಸ್ತೀನಿ. ಕಲ್ಲು ಅಲ್ಲ, ರಿಯಲ್ ಪರ್ಸನ್. ಲ್ಯಾಟಿನಾ."

ಲ್ಯಾಟಿನಾ ಎಂದರೆ ಮೆಕ್ಸಿಕೊ ಮತ್ತು ಅದರ ಕೆಳಗಿನ ದೇಶಗಳಲ್ಲಿ ಬೇರು ಇರುವ ಹೆಣ್ಣುಮಗಳು ಎಂದು ಕಾರಿನಲ್ಲಿ ವಿವರಿಸಿದಳು. ದೇಶದ ದೊಡ್ಡ ನ್ಯಾಯಾಲಯದಲ್ಲಿ ಒಬ್ಬರಿದ್ದಾರಂತೆ, ಈ ಗುಮ್ಮಟದೊಳಗಿನ ಸಭೆಗಳಲ್ಲೂ ಇದ್ದಾರಂತೆ. ಆದರೆ ಸಣ್ಣ ಊರುಗಳ ಕೌನ್ಸಿಲ್‌ನಲ್ಲಿ, ರಸ್ತೆ, ನೀರು, ಕಸದ ತೀರ್ಮಾನ ಆಗುವಲ್ಲಿ, ಹುಡುಕಬೇಕಂತೆ. ಮಾರಿಸ್‌ವಿಲ್‌ನಿಂದ ಮುಕ್ಕಾಲು ಗಂಟೆ ದೂರದ ಒಂದು ಊರಿನಲ್ಲಿ ಯೆಸೆನಿಯಾ ಎಂಬಾಕೆ ಕೌನ್ಸಿಲ್‌ಗೆ ನಿಂತಿದ್ದಾಳೆ, ಆಕೆಯ ಪ್ರಚಾರಕ್ಕೆಂದೇ ನೇಹಾ ಈ ತಿಂಗಳು ಅಮ್ಮನ ಮನೆಯಿಂದ ಕೆಲಸ ಮಾಡುತ್ತಾಳೆ. ಕೌನ್ಸಿಲ್ ಅಂದರೆ ನಮ್ಮ ಪಂಚಾಯಿತಿಯೇ ತಾನೆ! ನನಗೆ ರೋಮಾಂಚನವಾಯಿತು.

ಅಷ್ಟರಲ್ಲಿ ಯಜಮಾನರ ಫೋನು. ಊಟ ಆಯಿತೇ, ಚಳಿ ಇದೆಯೇ ಎಂದೆಲ್ಲ ಕೇಳಿ ವಿಷಯಕ್ಕೆ ಬಂದರು.

"ಪಂಚಾಯ್ತಿ ಚುನಾವಣಿ ಬರಾಕತ್ತೈತಿ. ಈ ಸಲ ನಮ್ಮ ವಾರ್ಡ್ ಸಾಮಾನ್ಯಕ್ಕ ಬರ್ತೈತಿ ಅಂತ ಸುದ್ದಿ. ನಾನ ನಿಂದರ್ತೇನಿ. ನೀ ಒಂದು ವಿಡಿಯೋ ಮಾಡಿ ಕಳಸು. ನಮ್ಮ ಯಜಮಾನ್ರಿಗೆ ವೋಟ್ ಹಾಕ್ರಿ ಅಂತ ಸಂಘದ ಹೆಣ್ಮಕ್ಕಳಿಗೆ ಹೇಳು. ನಿನ್ನ ಮಾತು ಅವ್ರು ಕೇಳ್ತಾರ."

"ಆತು, ಮಾಡ್ತೇನಿ," ಎಂದೆ. ನಾಲಿಗೆಗೆ ಅದೇ ರೂಢಿ. ಫೋನಿಟ್ಟ ಮೇಲೆ ಮಾತ್ರ ಯೋಚನೆ ಹತ್ತಿತು. ಸಾಮಾನ್ಯ ವಾರ್ಡೆಂದರೆ ಯಾರು ಬೇಕಾದರೂ ನಿಲ್ಲಬಹುದು. ಆ ಯಾರು ಬೇಕಾದರೂ ಎನ್ನುವುದರಲ್ಲಿ ನಾನಿಲ್ಲವೇ? ಯಾರೂ ನನ್ನನ್ನು ಕೇಳಿರಲಿಲ್ಲ. ನಾನೇ ನನ್ನನ್ನು ಕೇಳಿಕೊಂಡಿರಲಿಲ್ಲ.

ಮಾರಿಸ್‌ವಿಲ್

ಮಾರಿಸ್‌ವಿಲ್‌ನಲ್ಲಿ ಕಾಲು ಇರುವುದು ಕಾರಿನ ಪೆಡಲ್ ಒತ್ತಲಿಕ್ಕೆ. ಹಾಲಿಗೂ ಕಾರು, ಗುಡಿಗೂ ಕಾರು, ನಡೆದಾಡಲು ಹೋಗುವುದಕ್ಕೂ ಕಾರು! ಮೈದಾನದಲ್ಲಿ ಕ್ರಿಕೆಟ್ ಆಡುವವರ ಬೈಗುಳ ಕೇಳಿದರೆ ಮಾತ್ರ ಹುಬ್ಬಳ್ಳಿಯಲ್ಲೇ ಇದ್ದ ಹಾಗೆ.

ಶನಿವಾರ ಮಧ್ಯಾಹ್ನ ಅವರ ಕಾಲೊನಿಯ ಕ್ಲಬ್‌ಹೌಸ್‌ನಲ್ಲಿ ಒಂದು ಕೂಟ. ಯೆಸೆನಿಯಾ ಇಪ್ಪತ್ತು ವರ್ಷ ಆಸ್ಪತ್ರೆಗಳಲ್ಲಿ ದುಭಾಷಿಯಾಗಿದ್ದವಳು. ಸ್ಪ್ಯಾನಿಶ್ ಮಾತ್ರ ಬರುವ ತಾಯಂದಿರಿಗೂ ಇಂಗ್ಲಿಷ್ ಡಾಕ್ಟರರಿಗೂ ನಡುವೆ ನಿಂತು ಮಾತು ದಾಟಿಸುವ ಕೆಲಸ. ಶೈಲಾಳ ಕ್ಲಿನಿಕ್ಕಿಗೂ ಬರುತ್ತಿದ್ದಳು. ಆ ಋಣಕ್ಕೆ ತಂಗಿ ತನ್ನ ಗೆಳತಿಯರನ್ನೆಲ್ಲ ಕರೆದು ಪರಿಚಯ ಮಾಡಿಸಬೇಕೆಂದಿದ್ದಳು. ಯೆಸೆನಿಯಾಳ ಊರಲ್ಲಿ ಮತ ಇರುವ ನಾಲ್ಕು ಕನ್ನಡದ ಮನೆಯವರೂ ಬಂದಿದ್ದರು.

"ಅಕ್ಕಾ ಮಾಜಿ ಅಧ್ಯಕ್ಷೆ. ಆಕೀನ ಹಾರ ಹಾಕ್ತಾಳ," ಎಂದು ಶೈಲಾ ಸಾರಿಬಿಟ್ಟಳು. ಇಳಕಲ್ ಸೀರೆ ಉಟ್ಟೆ. ತಟ್ಟೆಯಲ್ಲಿ ಕುಂಕುಮ, ಕಾಯಿ, ನನ್ನ ಗಂಧದ ಹಾರ. ಬಾಗಿಲಲ್ಲಿ ನಿಂತೆ.

ಬಿಳಿ ವ್ಯಾನೊಂದು ಬಂದು ನಿಂತಿತು. ಮೊದಲು ಇಳಿದವನು ಎತ್ತರದ ಆಸಾಮಿ, ಕೋಟು, ಕೈಯಲ್ಲಿ ಫೈಲು, ಗತ್ತಿನ ಮೀಸೆ. ಅವನ ಹಿಂದೆ ಒಬ್ಬ ಗಿಡ್ಡ ಹೆಂಗಸು, ಕಾಲಿಗೆ ಬೂಟು, ಎರಡೂ ಕೈಯಲ್ಲಿ ಕರಪತ್ರದ ರಟ್ಟಿನ ಡಬ್ಬ, ಗಲ್ಲದಿಂದ ಅದನ್ನು ಒತ್ತಿ ಹಿಡಿದಿದ್ದಳು. ನಾನು ಹಿಂದೆಮುಂದೆ ನೋಡಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ, ತುದಿಗಾಲಲ್ಲಿ ನಿಂತು, ಆ ಎತ್ತರದವನ ಕೊರಳಿಗೆ ಹಾರ ಹಾಕಿ ಕೈಮುಗಿದೆ.

ನಾಲ್ಕು ಚಪ್ಪಾಳೆ ಬಿದ್ದವು, ಅಲ್ಲೇ ನಿಂತವು. ಆತ ಮರದ ಗೊಂಬೆಯಂತೆ ನಿಂತು, "ನೋ ನೋ ಸೆನ್ಯೋರಾ, ಐ ಓನ್ಲಿ ಡ್ರೈವ್!" ಎಂದ. ಆತ ಗಂಡ, ಹೆಕ್ಟರ್. ಡಬ್ಬ ಹೊತ್ತವಳು ಯೆಸೆನಿಯಾ.

ಅಯ್ಯ ಶಿವನೇ! ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆ ಆ ತಪ್ಪಿಗಷ್ಟೇ ಆಗಿದ್ದರೆ ಮರೆಯಬಹುದಿತ್ತು. ನಾನು ಅಧ್ಯಕ್ಷೆಯಾದ ದಿನ ಊರ ಹಿರಿಯರು ಡೊಳ್ಳು ಬಡಿಸುತ್ತ ಬಂದು ಹಾರ ಹಾಕಿದ್ದು ಯಜಮಾನರಿಗೆ. ನಾನು ಅವರ ಹಿಂದೆ ಪೇಡೆಯ ತಟ್ಟೆ ಹಿಡಿದು ನಿಂತಿದ್ದೆ. ಆ ದಿನ ಮನಸ್ಸಿನಲ್ಲಿ ಆ ಹಿರಿಯರಿಗೆ ಎಷ್ಟು ಬೈದಿದ್ದೆ! ಈಗ ಹದಿಮೂರು ಸಾವಿರ ಕಿಲೋಮೀಟರು ಹಾರಿ ಬಂದು ಅದೇ ಕೆಲಸವನ್ನು ನನ್ನ ಕೈಯಾರೆ ಮಾಡಿದ್ದೆ.

ಯೆಸೆನಿಯಾ ಮಾತ್ರ ಡಬ್ಬ ಕೆಳಗಿಟ್ಟು ಬಿದ್ದು ಬಿದ್ದು ನಕ್ಕಳು. ಆಮೇಲೆ ತನ್ನ ಕೊರಳನ್ನು ಮುಂದೆ ಚಾಚಿ, ಈಗ ನನಗೆ ಎಂದಳು. ಹೆಕ್ಟರ್ ಹಾರ ತೆಗೆಯಲು ಹೊರಟ. ನಾನು ಕೈ ಅಡ್ಡ ಹಿಡಿದೆ. "ಬ್ಯಾಡ ಬ್ಯಾಡ! ಒಬ್ಬರ ಕೊರಳಿಗೆ ಬಿದ್ದ ಹಾರ ಇನ್ನೊಬ್ಬರಿಗೆ ಹಾಕಬಾರದು. ನೇಹಾ, ಹೇಳವಾ ಆಕಿಗೆ. ನಿನಗ ನಂದೊಂದು ಹಾರ ಬಾಕಿ ಐತಿ. ಊರಿಗೆ ಹೋಗೂದ್ರೊಳಗ ಹಾಕೇ ಹೋಗ್ತೇನಿ."

ನೇಹಾ ಎರಡು ಮಾತಿನಲ್ಲಿ ಮುಗಿಸಿದಳು. ಯೆಸೆನಿಯಾ ತಲೆಯಾಡಿಸಿ, ಆಕೆ ಇನ್ನೂ ಜಾಸ್ತಿ ಹೇಳಿದಳು, ಪೂರ್ತಿ ದಾಟಿಸು ಎಂದು ನೇಹಾಳಿಗೆ ಗದರಿದಳು. ಕಸುಬಿನವಳ ಕಿವಿಯಲ್ಲವೇ, ಭಾಷೆ ಬರದಿದ್ದರೂ ಮಾತಿನ ಉದ್ದ ಗೊತ್ತಾಗಿತ್ತು.

ಕೂಟದಲ್ಲಿ ಆಕೆ ಮಾತಾಡಿದ್ದನ್ನು ಶೈಲಾ ಪಕ್ಕದಲ್ಲಿ ಕೂತು ನನಗೆ ಕನ್ನಡದಲ್ಲಿ ಹೇಳುತ್ತ ಹೋದಳು. ದುಭಾಷಿಗಳಿಗೆ ಒಂದು ನಿಯಮವಂತೆ. 'ಈಕೆಗೆ ಹೊಟ್ಟೆನೋವಂತೆ' ಎನ್ನಬಾರದು, 'ನನಗೆ ಹೊಟ್ಟೆನೋವು' ಎಂದೇ ಹೇಳಬೇಕು. ರೋಗಿ ನಾನು ಎಂದರೆ ದುಭಾಷಿಯೂ ನಾನು. ಒಮ್ಮೆ ಅವರೂರಿನ ತಾಯಂದಿರು ಮಕ್ಕಳು ಶಾಲೆಗೆ ಹೋಗುವ ರಸ್ತೆಗೆ ಫುಟ್‌ಪಾತ್ ಬೇಕೆಂದು ಕೌನ್ಸಿಲ್ ಸಭೆಗೆ ಹೋದರು. ಅವರ ಮಾತು ದಾಟಿಸಲು ಈಕೆ ಹೋಗಿದ್ದಳು. 'ನನ್ನ ಮಗು ಚರಂಡಿಯ ಅಂಚಿನಲ್ಲಿ ನಡೆಯುತ್ತದೆ' ಎಂದು ಒಂಬತ್ತು ತಾಯಂದಿರ ಪರವಾಗಿ ಒಂಬತ್ತು ಸಲ ಹೇಳಿದಳು. ಸಭೆಯವರು ದುಭಾಷಿಗೆ ಧನ್ಯವಾದ ಹೇಳಿ ಮುಂದಿನ ವಿಷಯಕ್ಕೆ ಹೋದರು.

"ಇಪ್ಪತ್ತು ವರ್ಷ ನಾನು ನಾನು ಅಂದಿದ್ದೆಲ್ಲ ಬ್ಯಾರೆಯವರ ನಾನು," ಎಂದು ಶೈಲಾ ಪಿಸುಗುಟ್ಟಿದಳು. "ಈಗ ನನ್ನ ನಾನು ಹೇಳಾಕ ನಿಂತೇನಿ ಅಂತಾಳಕ್ಕಾ."

ನನ್ನ ಕಣ್ಣು ತುಂಬಿತು. ಗ್ರಾಮಸಭೆಯಲ್ಲಿ ನಾನು ಓದಿದ ಭಾಷಣಗಳೆಲ್ಲ ಯಜಮಾನರು ಬರೆದುಕೊಟ್ಟವು. ಅವುಗಳಲ್ಲೂ ಎಷ್ಟೊಂದು ನಾನು ಇದ್ದವು.

ಬಾಗಿಲುಗಳ ಊರು

ಮರುದಿನದಿಂದ ನಾನೂ ಪ್ರಚಾರಕ್ಕೆ ಹೊರಟೆ. ಪರದೇಶಿಯಾದ ನಾನು ಒಂದು ಡಾಲರ್ ಕೂಡ ಚಂದಾ ಕೊಡುವ ಹಾಗಿಲ್ಲ, ಆದರೆ ಸಂಬಳವಿಲ್ಲದೆ ಎಷ್ಟು ಬೇಕಾದರೂ ನಡೆಯಬಹುದು ಎಂದು ನೇಹಾ ಕಾನೂನು ವಿಚಾರಿಸಿ ಹೇಳಿದಳು. ನಡೆಯಲಿಕ್ಕೆ ನಮಗೆ ಹೇಳಿಕೊಡಬೇಕೇ!

ಆದರೆ ಎಂಥ ಪ್ರಚಾರವಪ್ಪಾ ಇದು! ಡೊಳ್ಳಿಲ್ಲ, ಮೈಕಿಲ್ಲ, ಚಹಾ ಇಲ್ಲ. ಹುಲ್ಲಿನ ಮೇಲೆ ಅಭ್ಯರ್ಥಿಯ ಹೆಸರಿನ ಸಣ್ಣ ಹಲಗೆ ಚುಚ್ಚಿದರೆ ಅದೇ ಅಬ್ಬರ. ಗಂಟೆ ಒತ್ತಬೇಕು, ಮೂರು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು, ಬಾಗಿಲ ಕ್ಯಾಮೆರಾಕ್ಕೆ ನಗಬೇಕು. ಮನುಷ್ಯರ ಮುಖಕ್ಕಿಂತ ನಾಯಿಗಳ ದನಿಯೇ ಹೆಚ್ಚು ಪರಿಚಯವಾಯಿತು. ಬೇಸತ್ತು ನಾನು ಒಂದು ಓಣಿಯುದ್ದಕ್ಕೂ ಗೇಟಿನ ಟಪಾಲು ಡಬ್ಬಗಳಲ್ಲಿ ಕರಪತ್ರ ತುರುಕುತ್ತ ಹೋದೆ. ನೇಹಾ ಹಿಂದಿನಿಂದ ಕಿರುಚಿಕೊಂಡು ಓಡಿಬಂದಳು.

"ದೊಡ್ಡಮ್ಮ, ಯು ಕಾಂಟ್ ಡು ದಟ್! ಅದು ಪೋಸ್ಟ್ ಬಾಕ್ಸ್. ಸ್ಟ್ಯಾಂಪ್ ಇಲ್ದೆ ಏನೂ ಹಾಕ್‌ಬಾರ್ದು. ಇಲ್ಲೀಗಲ್!"

ಹಾಕಿದ್ದನ್ನೆಲ್ಲ ಇಬ್ಬರೂ ಒಂದೊಂದಾಗಿ ಹೊರಗೆ ತೆಗೆದೆವು. ಸೀರೆಯುಟ್ಟ ಹೆಂಗಸು ಟಪಾಲು ಡಬ್ಬಕ್ಕೆ ಕೈ ಹಾಕಿ ತಡಕಾಡುವುದನ್ನು ಎಷ್ಟು ಕ್ಯಾಮೆರಾಗಳು ನೋಡಿದವೋ ದೇವರೇ ಬಲ್ಲ.

ಒಂದು ಮನೆಯಲ್ಲಿ ಗಂಡಸು ಬಾಗಿಲು ತೆರೆದ. ನಮ್ಮ ಜೊತೆಗಿದ್ದ ಯೆಸೆನಿಯಾಳ ಭಾಷೆಯವನೇ. ನಮ್ಮ ಮನೆಯ ಎರಡು ವೋಟು ನಿಮಗೇ, ನಾನು ಹೇಳ್ತೇನೆ ಎಂದು ಬಾಗಿಲು ಹಾಕಲು ಹೊರಟ. ಹಿಂದೆ ಹೆಂಡತಿ ಒದ್ದೆ ಕೈ ಒರೆಸುತ್ತ ನಿಂತಿದ್ದಳು. ಯೆಸೆನಿಯಾ ನಗುತ್ತಲೇ, ಧನ್ಯವಾದ, ಎರಡನೆಯ ವೋಟಿನ ಹತ್ತಿರ ನಾನೇ ಮಾತಾಡುತ್ತೇನೆ ಎಂದಳು. ಆತ ಪಕ್ಕಕ್ಕೆ ಸರಿದ. ಹತ್ತು ನಿಮಿಷ ಇಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಾಡಿದರು. ಎಷ್ಟು ಸಲೀಸು! ಇಷ್ಟು ಸಲೀಸಾದದ್ದನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಆದರೂ ನನಗೂ ಒಂದು ವಿದ್ಯೆ ಗೊತ್ತಿತ್ತು. ನಮ್ಮೂರಲ್ಲಿ ಹೆಣ್ಣುಮಕ್ಕಳ ಮಾತು ಬೇಕಾದರೆ ಮನೆಗೆ ಹೋಗಬಾರದು, ನಳದ ಹತ್ತಿರ ಹೋಗಬೇಕು. ನೀರು ಬಿಡುವ ಹೊತ್ತಿಗೆ ಕೊಡ ಹಿಡಿದು ನಿಂತವರು ಮನಸ್ಸಿನ ಮಾತು ಆಡುತ್ತಾರೆ. ಅಧ್ಯಕ್ಷೆಯಾಗಿದ್ದಾಗ ನಾನು ಸ್ವಂತ ಬುದ್ಧಿಯಿಂದ ಮಾಡಿದ ಒಂದೇ ಕೆಲಸ, ನಸುಕಿನಲ್ಲಿ ಬಿಡುತ್ತಿದ್ದ ನೀರನ್ನು ಬೆಳಕು ಹರಿದ ಮೇಲೆ ಬಿಡುವಂತೆ ಮಾಡಿದ್ದು. ಅದು ನಳದ ಹತ್ತಿರವೇ ಹುಟ್ಟಿದ ಮಾತು.

"ಇಲ್ಲಿ ನಿಮ್ಮ ನಳ ಎಲ್ಲೈತಿ?" ಎಂದು ಕೇಳಿದೆ. ನೇಹಾ ಈ ಸಲ ಪೂರ್ತಿ ದಾಟಿಸಿದಳು. ಯೆಸೆನಿಯಾ ಯೋಚಿಸಿ, ಹಣೆ ಬಡಿದುಕೊಂಡಳು. ಶಾಲೆಯ ಬಸ್ಸು ನಿಲ್ಲುವ ಮೂಲೆ! ಮಧ್ಯಾಹ್ನ ಮಕ್ಕಳನ್ನು ಕರೆದೊಯ್ಯಲು ತಾಯಂದಿರು, ಅಜ್ಜಿಯರು ಕಾಲು ಗಂಟೆ ಮೊದಲೇ ಬಂದು ನಿಲ್ಲುತ್ತಾರೆ.

ಅಂದಿನಿಂದ ದಿನವೂ ಒಂದೊಂದು ಮೂಲೆ. ಸ್ಪ್ಯಾನಿಶ್ ಮಾತಾಡುವವರು, ಕರಿಯರು, ಬಿಳಿಯರು, ಒಬ್ಬಳು ಗುಂಟೂರಿನವಳು. ಬಸ್ಸು ಬಂದರೂ ಮಾತು ಮುಗಿಯುತ್ತಿರಲಿಲ್ಲ. ಫುಟ್‌ಪಾತ್, ಸಭೆಯ ನೋಟಿಸು ಇಂಗ್ಲಿಷಿನಲ್ಲಿ ಮಾತ್ರ ಬರುವುದು, ದೀಪವಿಲ್ಲದ ತಿರುವು. ಯೆಸೆನಿಯಾ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಹೆಕ್ಟರ್ ವ್ಯಾನಿನಲ್ಲಿ ಕೂತು ಕಾಯುತ್ತಿದ್ದ. ಕನ್ನಡಿಗೆ ನನ್ನ ಗಂಧದ ಹಾರ ನೇತುಹಾಕಿದ್ದ, ವ್ಯಾನೆಲ್ಲ ಘಮಘಮ.

ಊರಿಂದ ಫೋನು ಬರುತ್ತಲೇ ಇತ್ತು. "ವಿಡಿಯೋ ಎಲ್ಲೈತಿ?" ಚಳಿಗೆ ಗಂಟಲು ಕಟ್ಟಿದೆ ಎಂದೆ. ಆಮೇಲೆ ಫೋನಿನ ಕ್ಯಾಮೆರಾ ಸರಿಯಿಲ್ಲ ಎಂದೆ. ಸುಳ್ಳಿಗೂ ಒಂದು ಮಿತಿ ಇದೆ.

ಮತದಾನದ ದಿನ

ಮತಗಟ್ಟೆ ಒಂದು ಶಾಲೆಯಲ್ಲಿತ್ತು. ಬಾಗಿಲಿನಿಂದ ಇಷ್ಟು ದೂರಕ್ಕೆ ಗೆರೆ, ಅದರಾಚೆ ಪ್ರಚಾರ ನಿಷೇಧ. ಗೆರೆಯ ಈಚೆ ಎಲ್ಲ ಅಭ್ಯರ್ಥಿಗಳ ಕಡೆಯವರೂ ಸಾಲಾಗಿ ಕುರ್ಚಿ ಹಾಕಿಕೊಂಡು, ಒಬ್ಬರ ಡೋನಟ್ ಇನ್ನೊಬ್ಬರು ತಿನ್ನುತ್ತ ಕೂತಿದ್ದರು. ಜಗಳವೇ ಇಲ್ಲ! ಚುನಾವಣೆ ಹೌದೋ ಅಲ್ಲವೋ ಎಂದು ಅನುಮಾನ ಬಂತು. ಮತ ಹಾಕಿದವರ ಬೆರಳಿಗೆ ಶಾಯಿಯೂ ಇಲ್ಲ, ಎದೆಗೆ ಒಂದು ಚೀಟಿ ಅಂಟಿಸಿಕೊಂಡು ಹೊರಬರುತ್ತಾರೆ.

ಮೂರು ಸ್ಥಾನ, ಐವರು ಅಭ್ಯರ್ಥಿಗಳು. ಮಧ್ಯಾಹ್ನದ ಹೊತ್ತಿಗೆ ಬಸ್ಸಿನ ಮೂಲೆಯ ಹೆಣ್ಣುಮಕ್ಕಳು ಬರತೊಡಗಿದರು. ಆ ಒದ್ದೆ ಕೈಯವಳು ಒಬ್ಬಳೇ ಬಂದಳು. ನನ್ನನ್ನು ಗುರುತು ಹಿಡಿದು ಎದೆಯ ಮೇಲಿನ ಚೀಟಿಯನ್ನು ಬೆರಳಿಂದ ತಟ್ಟಿ ತೋರಿಸಿದಳು. ನನಗೆ ಕುಣಿಯುವಷ್ಟು ಖುಷಿ. ಗೆರೆ ದಾಟಿಬಿಡುತ್ತೇನೆಂದು ನೇಹಾ ನನ್ನ ಸೆರಗು ಹಿಡಿದುಕೊಂಡಿದ್ದಳು.

ಸಂಜೆ ಫೋನಿನಲ್ಲೇ ಫಲಿತಾಂಶ ಬಂತು. ಯೆಸೆನಿಯಾ ಮೂರನೆಯವಳು, ನಾಲ್ಕನೆಯವರಿಗಿಂತ ಹನ್ನೊಂದು ಮತದ ಮುನ್ನಡೆ! ನಾನು ಶೈಲಾಳನ್ನು ತಬ್ಬಿ ಕೂಗಿದೆ. ಆದರೆ ಯೆಸೆನಿಯಾ ಕೈಯೆತ್ತಿ ತಡೆದಳು. ಇನ್ನೂ ಕೆಲವು ಮತಗಳ ದಾಖಲೆ ಪರಿಶೀಲಿಸಿ ಎಣಿಸಬೇಕು, ಪಕ್ಕಾ ಲೆಕ್ಕ ಹತ್ತು ದಿನದ ಮೇಲೆ ಎಂದಳು. ಹತ್ತು ದಿನ! ನಾನು ಊರಿಗೆ ಹೊರಡುವುದು ಹನ್ನೆರಡನೆಯ ದಿನ.

ಜಾನ್ಸ್ ಕ್ರೀಕ್

ಕಾಯುತ್ತ ಕೂತರೆ ಹುಚ್ಚು ಹಿಡಿಯುತ್ತದೆಂದು ನೇಹಾ ನನ್ನನ್ನು ಅಟ್ಲಾಂಟಾ ನೋಡಲು ಕರೆದೊಯ್ದಳು. ಉಳಿದದ್ದು ಅದರ ಪಕ್ಕದ ಜಾನ್ಸ್ ಕ್ರೀಕ್‌ನಲ್ಲಿ, ಶೈಲಾಳ ಹಳೆಯ ಗೆಳತಿ ಐರಿನ್ ಮನೆಯಲ್ಲಿ. ಐರಿನ್ ಬಾಯಿ ಕಾರ್ಕಳದ ಕಡೆಯ ಕ್ಯಾಥೊಲಿಕ್ ಹೆಣ್ಣುಮಗಳು, ಆಸ್ಪತ್ರೆಯಲ್ಲಿ ನರ್ಸು. ಆಕೆಯ ಕನ್ನಡಕ್ಕೂ ನನ್ನ ಕನ್ನಡಕ್ಕೂ ನಡುವೆ ಒಬ್ಬ ದುಭಾಷಿ ಬೇಕಿತ್ತು! ಆಕೆಗೆ 'ಹೋಗೂಣು' ತಮಾಷೆ, ನನಗೆ 'ಎಂತದು ಮಾರಾಯ್ರೆ' ತಮಾಷೆ.

ಹತ್ತನೆಯ ದಿನ ಬೆಳಿಗ್ಗೆ ಹಾರಕ್ಕೆ ಹೂ ಬೇಕೆಂದೆ. ಗುಲಾಬಿ ಕಟ್ಟಿದರೆ ಸಂಜೆಗೆ ಬಾಡುತ್ತದೆ. ಐರಿನ್ ಲ್ಯಾಟಿನೋ ಜನರ ಒಂದು ದೊಡ್ಡ ದಿನಸಿ ಅಂಗಡಿಗೆ ಕರೆದೊಯ್ದರು. ಒಳಗೆ ಹೋದವಳು ಹಾಗೇ ನಿಂತೆ. ಕೊತ್ತಂಬರಿ, ಹಸಿಮೆಣಸು, ಹುಣಸೆ, ಪೇರಲ, ಕಬ್ಬಿನ ಜಲ್ಲೆ. ಇದೇನು ಹುಬ್ಬಳ್ಳಿ ಸಂತೆಯೇ? ಮೂಲೆಯಲ್ಲಿ ಒಂದು ಬಕೆಟ್ಟಿನ ತುಂಬ ಚೆಂಡು ಹೂ! ದೀಪಾವಳಿಗೆ ಬಾಗಿಲಿಗೆ ಕಟ್ಟುವ ಅದೇ ಕೇಸರಿ ಚೆಂಡು ಹೂ. ಎಲ್ಲವನ್ನೂ ತಬ್ಬಿಕೊಂಡು ಬಂದೆ.

ಗಲ್ಲೆಯಲ್ಲಿ ಕೂತ ಮುದುಕಿ ನನ್ನನ್ನು ಮರುಕದಿಂದ ನೋಡಿ ಏನೋ ಕೇಳಿದಳು. ಐರಿನ್‌ಗೆ ಆಸ್ಪತ್ರೆಯ ಸ್ಪ್ಯಾನಿಶ್ ಅಷ್ಟಿಷ್ಟು ಬರುತ್ತದೆ.

"ಮನೆಯಲ್ಲಿ ಯಾರು ಹೋದ್ರು ಅಂತ ಕೇಳ್ತಾರೆ," ಎಂದರು. "ಇವರದ್ದು ಸತ್ತವರ ಹಬ್ಬ ಉಂಟಲ್ಲ, ಈ ಹೂ ಅದಕ್ಕೆ. ಹಬ್ಬದ್ದೇ ಉಳಿದ ಹೂ ಅಂತೆ ಇದು. ನಾವು ನವೆಂಬರ್‌ನಲ್ಲಿ ಸಮಾಧಿಗೆ ಹೂ ಇಡ್ತೇವಲ್ಲ, ಹಾಗೆ."

ಹೂವನ್ನು ಗಲ್ಲೆಯ ಮೇಲೆ ಇಳಿಸಿಬಿಟ್ಟೆ. ಒಂದು ಸಲ ತಪ್ಪು ಕೊರಳಿಗೆ ಹಾಕಿದೆ. ಈಗ ಸರಿಯಾದ ಕೊರಳಿಗೆ ತಪ್ಪು ಹೂವೇ? ಐರಿನ್ ವಿಷಯ ವಿವರಿಸಿದರು. ಮುದುಕಿ ಕೇಳಿ, ಯೋಚಿಸಿ, ನನ್ನ ಕೈ ತಟ್ಟಿದಳು. ಈ ಹೂವಿನ ವಾಸನೆ ಹಿಡಿದು ಹಿರಿಯರು ಮನೆಗೆ ಬರುತ್ತಾರೆ, ಬರಲಿ ಬಿಡು, ಮಗಳನ್ನು ನೋಡಲಿ ಎಂದಳಂತೆ. ಇನ್ನೊಂದು ಹಿಡಿ ಹೂವನ್ನು ತಾನೇ ಚೀಲಕ್ಕೆ ಹಾಕಿದಳು.

ಮನೆಗೆ ಬಂದರೆ ಗಟ್ಟಿ ದಾರವಿಲ್ಲ. ಐರಿನ್ ಬಚ್ಚಲಿಗೆ ಹೋಗಿ ಹಲ್ಲಿನ ಸಂದಿ ಸ್ವಚ್ಛ ಮಾಡುವ ದಾರದ ಡಬ್ಬಿ ತಂದರು. ಎಳೆದರೆ ಕಡಿಯುವುದಿಲ್ಲ, ಮೇಲೆ ಪುದೀನಾ ಪರಿಮಳ ಬೇರೆ! ಅಡುಗೆಮನೆಯ ಕಟ್ಟೆಯ ಮೇಲೆ ಹೂ ಸುರಿದುಕೊಂಡು ಪೋಣಿಸಲು ಕೂತೆವು.

"ಅಲ್ಲ ಮಾರಾಯ್ರೆ, ಅವಳು ಸೋತರೆ ಇದನ್ನು ಎಂತ ಮಾಡುದು?" ಎಂದರು ಐರಿನ್.

"ಸೋತ್ರೂ ಹಾಕ್ತೇನ್ರಿ. ಗೆದ್ದವ್ರಿಗಷ್ಟ ಹಾರ ಅಂತ ಎಲ್ಲೈತಿ? ನಾ ಗೆದ್ದಾಗೂ ನನ್ನ ಕೊಳ್ಳಿಗೆ ಬೀಳಲಿಲ್ಲ," ಎಂದೆ. ಈ ಮಾತು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಸೂಜಿ ಬೆರಳಿಗೆ ಚುಚ್ಚಿಕೊಂಡೆ. ಐರಿನ್ ಚಹಾ ಮಾಡಿಕೊಟ್ಟರು.

ಅರ್ಧ ಹಾರ ಆಗಿತ್ತು. ಪಕ್ಕದ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ನೇಹಾಳ ಫೋನು ಗುಣುಗುಟ್ಟಿತು. ಆಮೇಲೆ ಒಂದು ಕಿರುಚಾಟ.

"ದೊಡ್ಡಮ್ಮ! ಫೋರ್! ನಾಲ್ಕು! ಶೀ ವನ್ ಬೈ ನಾಲ್ಕು!"

ಹನ್ನೊಂದು ಇಳಿದು ನಾಲ್ಕಕ್ಕೆ ಬಂದು ನಿಂತಿತ್ತು. ನಾಲ್ಕೇ ನಾಲ್ಕು! ಒಂದು ಬಸ್ಸಿನ ಮೂಲೆಯ ಬೆಂಚಿನಷ್ಟು ಜನ. ಐರಿನ್ ಶಿಲುಬೆಯ ಗುರುತು ಮಾಡಿಕೊಂಡರು, ನಾನು ಬಸವಣ್ಣನನ್ನು ನೆನೆದೆ. ಮೂವರೂ ಹೂವಿನ ನಡುವೆಯೇ ಕುಣಿದೆವು. ಮರುದಿನ ಬೆಳಿಗ್ಗೆ ಹಾರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೀನು ತರುವ ಐಸ್ ಪೆಟ್ಟಿಗೆಯೊಂದನ್ನು ಚೆನ್ನಾಗಿ ತೊಳೆದು ಅದರಲ್ಲಿಟ್ಟು, ಐರಿನ್ ಕಾರಿಗೆ ತಂದುಕೊಟ್ಟರು.

ಮತ್ತೆ ಮಾರಿಸ್‌ವಿಲ್

ಹೊರಡುವ ದಿನ ಬೆಳಿಗ್ಗೆ ಅದೇ ಬಿಳಿ ವ್ಯಾನು ತಂಗಿಯ ಮನೆಯ ಮುಂದೆ ಬಂದು ನಿಂತಿತು. ಹೆಕ್ಟರ್ ಇಳಿದ. ಈ ಸಲ ಅವನೇ ನಾಲ್ಕು ಹೆಜ್ಜೆ ದೂರ ಸರಿದು, ಎರಡೂ ಕೈಯಿಂದ ಹೆಂಡತಿಯ ಕಡೆ ತೋರಿಸುತ್ತ ನಿಂತ. ಎಲ್ಲರೂ ನಕ್ಕೆವು.

ಯೆಸೆನಿಯಾ ಕೊರಳು ಬಾಗಿಸಿದಳು. ಗಿಡ್ಡಕ್ಕೆ ಗಿಡ್ಡ, ತುದಿಗಾಲಿನ ಕೆಲಸವಿಲ್ಲ. ಚೆಂಡು ಹೂವಿನ ಹಾರ ಮೊಣಕಾಲಿನವರೆಗೆ ಇಳಿಯಿತು. ಆಕೆ ಒಂದು ಹೂವನ್ನು ಹಿಡಿದು ಮೂಸಿದಳು, ನಗು ಹಾಗೇ ನಿಂತುಹೋಯಿತು. ನಾನು ಹೆದರಿದೆ. ಈ ಹೂ ನನ್ನಮ್ಮನನ್ನು ಕರೆಯಲಿಕ್ಕೆ ಇಡುತ್ತಿದ್ದದ್ದು ಎಂದಳು. ಅಮ್ಮ ಈ ದೇಶದಲ್ಲಿ ಮೂವತ್ತು ವರ್ಷ ದುಡಿದರೂ ಒಂದು ಸಲವೂ ಮತ ಹಾಕಲಾಗಲಿಲ್ಲವಂತೆ. ಈಗ ಇಲ್ಲೇ ಎಲ್ಲೋ ನಿಂತು ನೋಡುತ್ತಿರುತ್ತಾಳೆ ಎಂದಳು. ಹೇಳುತ್ತ ಅಳುತ್ತಿದ್ದಳು. ನಾನೂ ಅತ್ತೆ. ಮಾತು ದಾಟಿಸುತ್ತಿದ್ದ ನೇಹಾಳೂ ನಡುವೆ ನಿಂತು ಕಣ್ಣೊರೆಸಿಕೊಂಡಳು.

ಆಮೇಲೆ ಆಕೆ ಹಾರವನ್ನು ತನ್ನ ಕೊರಳಿಂದ ತೆಗೆದಳು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ನನ್ನ ಕೊರಳಿಗೆ ಹಾಕಿದಳು.

"ಅಯ್ಯ, ಹಂಗ ಹಾಕಬಾರದವಾ! ನಾ ಹೇಳಿದ್ನಲ್ಲ," ಎಂದೆ.

"ಅವ್ರ ಮನೇಲಿ ಆ ರೂಲ್ ಇಲ್ವಂತೆ ದೊಡ್ಡಮ್ಮ," ಎಂದಳು ನೇಹಾ. "ಬಸ್ ಸ್ಟಾಪ್ ಐಡಿಯಾ ಕೊಟ್ಟ ಪ್ರೆಸಿಡೆಂಟ್‌ಗೆ ಅಂತೆ."

ಚೆಂಡು ಹೂವಿಗೆ ಇಷ್ಟು ತೂಕ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಟ್ಟಿದ್ದು ನಾನೇ, ಆದರೂ ಗೊತ್ತಿರಲಿಲ್ಲ. ಒದ್ದೆ ಹೂ ಕುತ್ತಿಗೆಗೆ ತಣ್ಣಗೆ ತಾಗಿತು. ಶೈಲಾ ಫೋಟೋ ತೆಗೆಯಲು ಬಂದಳು. ನಾನು ಅವಳ ಕೈಗೆ ನನ್ನ ಫೋನು ಕೊಟ್ಟೆ.

"ಫೋಟೋ ಬ್ಯಾಡ. ವಿಡಿಯೋ ಮಾಡು."

ಯಾರೂ ಬರೆದುಕೊಟ್ಟಿರಲಿಲ್ಲ. ಗಂಟಲು ನಿಜವಾಗಿಯೂ ಕಟ್ಟಿತ್ತು. "ಸಂಘದ ಅಕ್ಕ ತಂಗ್ಯಾರಿಗೆಲ್ಲ ಶರಣು. ನಾನು ಕಸ್ತೂರಿ. ಈ ಸಲ ಚುನಾವಣಿಗೆ ನಾನು ನಿಂದರ್ತೇನಿ. ಸಹಿ ಮಾಡಾಕಲ್ಲ, ಕೆಲಸ ಮಾಡಾಕ. ಊರಿಗೆ ಬಂದ ಮ್ಯಾಲ ನಳದ ಹತ್ರ ಭೆಟ್ಟಿ ಆಗ್ತೇನಿ." ಇಷ್ಟೇ ಹೇಳಿದ್ದು.

ಸಂಘಕ್ಕೆ ಕಳಿಸುವ ಮೊದಲು ಯಜಮಾನರಿಗೆ ಕಳಿಸಿದೆ. ನೋಡಿದರು ಎಂದು ಎರಡು ನೀಲಿ ಗೆರೆ ಬಂದವು. ಚೀಲಗಳನ್ನು ಹೆಕ್ಟರನ ವ್ಯಾನಿಗೆ ಏರಿಸಿದೆವು, ವಿಮಾನ ನಿಲ್ದಾಣಕ್ಕೆ ತಾನೇ ಬಿಡುತ್ತೇನೆಂದು ಆತ ಹಟ ಹಿಡಿದಿದ್ದ. ಅರ್ಧ ದಾರಿಯಲ್ಲಿ ಫೋನು ಬಂತು.

"ಕಸ್ತೂರಿ."

"ಹ್ಞೂಂ, ಹೇಳ್ರಿ."

"ಖರೇನ ನಿಂದರ್ತೀಯೇನು?"

"ಖರೇನರಿ."

ಕನ್ನಡಿಗೆ ನೇತುಹಾಕಿದ್ದ ಗಂಧದ ಹಾರ ನನ್ನ ಕಣ್ಣೆದುರಿಗೇ ತೂಗುತ್ತಿತ್ತು.

"ಮತ್ತ ನಾ ಏನ್ ಮಾಡ್ಲಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವರು ಕೇಳುವ ಹಾಗೆ ಕೇಳಿದರು.

ನಾನು ಹೆಕ್ಟರನ ಬೆನ್ನು ನೋಡಿದೆ. "ನೀವು ಗಾಡಿ ಹೊಡೀರಿ," ಎಂದೆ.

ಲೈನು ಕಡಿಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಕಡಿದಿರಲಿಲ್ಲ.

"ಹಂಗಾದ್ರ ಗಾಡಿ ಸರ್ವೀಸಿಗೆ ಬಿಡಬೇಕು," ಎಂದರು. "ಬ್ರೇಕ್ ಸರಿಯಿಲ್ಲ."